ಯಾರಿಗಾಗಿ ಈ ಮನೆ? ಬಳಸುವವರನ್ನು ಹುಡುಕಿ, ಅವರಿಂದ ಕಲಿಯುವ ಬಗೆ

ನಿಮ್ಮ ಗ್ರಾಹಕರು ಯಾರು ಎಂದು ಮನೆಯ ಒಳವಿನ್ಯಾಸ ಮಾಡುವವರನ್ನು ಕೇಳಿದರೆ, ‘ಮನೆ ಇರುವವರೆಲ್ಲ’ ಎನ್ನುತ್ತಾರೆ. ಇಷ್ಟನ್ನೇ ಹಿಡಿದುಕೊಂಡು ಯಾರನ್ನೂ ಹುಡುಕಲಾಗದು. ನೀವು ಮುಗಿಸಿದ ಕೊನೆಯ ಹತ್ತು ಕೆಲಸಗಳನ್ನು ಮೊದಲು ಒಂದು ಹಾಳೆಯಲ್ಲಿ ಪಟ್ಟಿ ಮಾಡಿ. ಮನೆಯಲ್ಲಿ ಎಷ್ಟು ಜನ, ಯಾವ ವಯಸ್ಸಿನವರು, ಯಾರು ಹೇಳಿ ಬಂದರು, ಯಾವ ಕಾರಣಕ್ಕೆ ಬಂದರು ಎಂದು ಬರೆಯಿರಿ. ಇದರಲ್ಲಿ ಕಾರಣದ ಕಾಲಂ ಎಲ್ಲಕ್ಕಿಂತ ಮುಖ್ಯ. ಮಗು ಹುಟ್ಟಿತು, ವಯಸ್ಸಾದ ತಂದೆ–ತಾಯಿ ಜೊತೆಗೆ ಬಂದರು, ಮನೆಯಿಂದಲೇ ಕೆಲಸ ಶುರುವಾಯಿತು: ಹೀಗೆ ಯಾವ ಕಾರಣ ಹೆಚ್ಚು ಸಲ ಬಂದಿದೆಯೋ ಅಲ್ಲಿಂದ ಹುಡುಕಾಟ ಶುರು ಮಾಡಿ.

ಅಂಥ ಐದರಿಂದ ಎಂಟು ಮನೆ ಸಿಕ್ಕರೆ ಮೊದಲ ಸುತ್ತಿಗೆ ಸಾಕು. ಹಳೆಯ ಗ್ರಾಹಕರನ್ನು ಕೇಳಿ, ಬಡಗಿ, ಪ್ಲಂಬರ್, ಎಲೆಕ್ಟ್ರಿಷಿಯನ್‌ಗಳನ್ನು ವಿಚಾರಿಸಿ. ಯಾರ ಮನೆಯಲ್ಲಿ ಏನು ಕೆಟ್ಟಿದೆ ಎಂಬುದು ಇವರಿಗೆ ಚೆನ್ನಾಗಿ ಗೊತ್ತಿರುತ್ತದೆ. ನಿಮ್ಮೊಡನೆ ಮಾತಾಡಿ ಕೊನೆಗೆ ಬೇರೆಯವರಿಗೆ ಕೆಲಸ ಕೊಟ್ಟ ಇಬ್ಬರಾದರೂ ಪಟ್ಟಿಯಲ್ಲಿರಲಿ. ಫೋಟೊಗೆ ಬಿದ್ದ ಲೈಕ್‌ಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ. ಲೈಕ್ ಒತ್ತಿದವರು ಆ ಮನೆಯಲ್ಲಿ ಒಂದು ದಿನವೂ ಇದ್ದವರಲ್ಲ.

ಮಾತುಕತೆ ಅವರ ಮನೆಯಲ್ಲೇ ನಡೆಯಲಿ, ಮುಕ್ಕಾಲು ಗಂಟೆ ಮೀರದಿರಲಿ. ಕ್ಯಾಟಲಾಗ್ ತೆಗೆಯಲೇಬೇಡಿ, ಚಿತ್ರ ಕಂಡ ಕೂಡಲೇ ಮಾತು ಬಣ್ಣದ ಕಡೆಗೆ ಹೊರಳಿಬಿಡುತ್ತದೆ. ‘ಇಲ್ಲೊಂದು ದೊಡ್ಡ ಬೀರು ಇದ್ದರೆ ಚೆಂದ ಅಲ್ಲವೇ?’ ಎಂದರೆ ಯಾರೂ ಇಲ್ಲ ಎನ್ನುವುದಿಲ್ಲ. ಅದರ ಬದಲು, ‘ನಿನ್ನೆ ಬೆಳಗ್ಗೆ ಎದ್ದಾಗಿನಿಂದ ಹೊರಡುವವರೆಗೆ ಏನೇನು ಮಾಡಿದಿರಿ?’ ಎಂದು ಕೇಳಿ ಸುಮ್ಮನಿರಿ. ಮುಂದೆ ಏನು ಬೇಕಾದೀತು ಎಂಬುದು ಊಹೆ, ನಿನ್ನೆ ನಡೆದದ್ದು ನೆನಪು. ಹಣ ಕೊಡುವವರು ಒಬ್ಬರು, ದಿನವೂ ಬಳಸುವವರು ಇನ್ನೊಬ್ಬರಾಗಿದ್ದರೆ ಇಬ್ಬರನ್ನೂ ಬೇರೆ ಬೇರೆಯಾಗಿ ಮಾತಾಡಿಸಿ. ಈ ಹಂತ ತಪ್ಪಿದ್ದರಿಂದಲೇ ಮತ್ತೆ ಒಡೆಯಬೇಕಾಗಿ ಬಂದ ಅಡುಗೆಮನೆಗಳು ಬೇಕಾದಷ್ಟಿವೆ.

ಆಮೇಲೆ ಅನುಮತಿ ಕೇಳಿ ಮನೆ ನೋಡಿ. ಬೀರುವಿನಲ್ಲಿ ಜಾಗವಿದ್ದರೂ ಬಟ್ಟೆಯ ರಾಶಿ ಹೊತ್ತ ಕುರ್ಚಿ, ಮಂಚದ ಕೆಳಗಿಂದ ಹಾಯಿಸಿದ ಎಕ್ಸ್‌ಟೆನ್ಷನ್ ವೈರು, ಹಿಡಿಕೆ ಬಿಟ್ಟು ಬಾಗಿಲ ಅಂಚಿನಲ್ಲೇ ಸವೆದ ಪಾಲಿಶ್: ಬಾಯಿ ಬಿಟ್ಟು ಹೇಳದ ದೂರುಗಳೆಲ್ಲ ಇಲ್ಲಿವೆ. ಟೇಪು ಜೊತೆಗಿರಲಿ. ಅಡುಗೆ ಕಟ್ಟೆ ಸಾಮಾನ್ಯವಾಗಿ ಮೊಣಕೈಗಿಂತ 10ರಿಂದ 15 ಸೆಂ.ಮೀ. ಕೆಳಗಿದ್ದರೆ ಅನುಕೂಲ. ಹಾಗಾಗಿ ಅಲ್ಲಿ ಹೆಚ್ಚು ಹೊತ್ತು ನಿಲ್ಲುವವರ ಮೊಣಕೈ ಎತ್ತರ ಅಳೆದುಕೊಳ್ಳಿ.

1926ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್‌ನ ವಸತಿ ಯೋಜನೆಗೆ ಆಸ್ಟ್ರಿಯಾದ ವಾಸ್ತುಶಿಲ್ಪಿ ಮಾರ್ಗರೆಟೆ ಶ್ಯೂಟೆ-ಲಿಹೋಟ್ಸ್ಕಿ ರೂಪಿಸಿದ ಅಡುಗೆಮನೆ ಹುಟ್ಟಿದ್ದೇ ಇಂಥ ಅಳತೆಯಿಂದ. ಕೆಲಸದ ಚಲನೆ, ಸಮಯವನ್ನೆಲ್ಲ ಲೆಕ್ಕ ಹಾಕಿ ಸುಮಾರು 1.9 ಮೀಟರ್ ಅಗಲ, 3.4 ಮೀಟರ್ ಉದ್ದಕ್ಕೆ ಎಲ್ಲವನ್ನೂ ಹೊಂದಿಸಿದ್ದರು. ಆದರೆ ಅದು ಒಬ್ಬರಿಗಷ್ಟೇ ಸಾಲುವ ಜಾಗವಾಯಿತು. ಅದಕ್ಕೇ ‘ಒಟ್ಟಿಗೆ ಎಷ್ಟು ಜನ ನಿಲ್ಲುತ್ತೀರಿ?’ ಎಂಬ ಪ್ರಶ್ನೆಯನ್ನು ಬಿಡಲೇಬಾರದು. ಇಬ್ಬರೆಂದರೆ ಕಟ್ಟೆಗಳ ನಡುವೆ 120 ಸೆಂ.ಮೀ. ಬೇಕು.

ಅದೇ ಸಂಜೆ, ಅವರಾಡಿದ ಮಾತನ್ನು ಅವರ ಪದಗಳಲ್ಲೇ ಚೀಟಿಗೊಂದರಂತೆ ಬರೆದಿಡಿ. ‘ಸಂಗ್ರಹದ ಸಮಸ್ಯೆ’ ಎಂದು ಬರೆದರೆ ಉಪಯೋಗವಿಲ್ಲ. ‘ಮೇಲಿನ ಡಬ್ಬ ತೆಗೆಯಲು ಸ್ಟೂಲು ಹತ್ತಬೇಕು’ ಎಂದು ಬರೆದರೆ ಪರಿಹಾರ ಹೊಳೆಯುತ್ತದೆ. ಮೂರು ಮನೆಗಳಲ್ಲಿ ಬಂದ ದೂರನ್ನು ಮೊದಲು ಕೈಗೆತ್ತಿಕೊಳ್ಳಿ.

ನಕ್ಷೆ ಓದಲು ಎಲ್ಲರಿಗೂ ಬರುವುದಿಲ್ಲ. ನೆಲದ ಮೇಲೆ ಮಾಸ್ಕಿಂಗ್ ಟೇಪ್ ಅಂಟಿಸಿ, ರಟ್ಟಿನ ಪೆಟ್ಟಿಗೆ ಜೋಡಿಸಿ, ನಿಜ ಅಳತೆಯಲ್ಲೇ ನಡೆದು ನೋಡಲು ಹೇಳಿ. ಡ್ರಾಯರ್ ಎಳೆದಾಗ ಎಷ್ಟು ಮುಂದೆ ಬರುತ್ತದೆ ಎಂಬುದನ್ನೂ ಗುರುತು ಮಾಡಿ. ಹೆಚ್ಚಿನವರು ಮರೆಯುವುದು ಇದನ್ನೇ.

ಮನೆ ಒಪ್ಪಿಸಿ ಮೂರು ತಿಂಗಳಾದಾಗ ಒಮ್ಮೆ, ವರ್ಷವಾದಾಗ ಇನ್ನೊಮ್ಮೆ ತಿರುಗಿ ಹೋಗಿ. ‘ಚೆನ್ನಾಗಿದೆಯೇ?’ ಎಂದು ಕೇಳಿದರೆ ಸಿಗುವುದು ಬರೀ ಮರ್ಯಾದೆಯ ಉತ್ತರ. ‘ಯಾವುದನ್ನು ಬಳಸುವುದು ಬಿಟ್ಟಿದ್ದೀರಿ? ನಾವು ಹೋದ ಮೇಲೆ ಏನು ಬದಲಿಸಿಕೊಂಡಿರಿ?’ ಎಂದು ಕೇಳಿ. ಕೈಯಲ್ಲೊಂದು ಸ್ಕ್ರೂಡ್ರೈವರ್ ಇರಲಿ. ಸಡಿಲವಾದ ಕೀಲನ್ನು ಬಿಗಿ ಮಾಡುತ್ತಿರುವಾಗಲೇ ಉಳಿದ ದೂರುಗಳೂ ಹೊರಗೆ ಬರುತ್ತವೆ.