ಟ್ರ್ಯಾಕ್ಟರ್ ಡೀಸೆಲ್‌ಗೆ ನೀರು ಸೇರಿದಾಗ ನಾನು ಮಾಡಿದ್ದು

ರಾಜಾನುಕುಂಟೆ ಹತ್ತಿರ ನಮ್ಮದು ರಾಗಿ ಹೊಲ. ಮುಂಗಾರಿನ ಉಳುಮೆ ಹೊತ್ತಿಗೆ ಟ್ರ್ಯಾಕ್ಟರ್ ಕಾಟ ಕೊಡಲು ಶುರು ಮಾಡಿತು. ಖಾಲಿ ಓಡಿಸಿದರೆ ಏನೂ ಇಲ್ಲ, ಮಣ್ಣು ಹುಡಿ ಮಾಡುವ ರೋಟವೇಟರ್ ಇಳಿಸಿದರೆ ಎಳೆತವೇ ಇಲ್ಲದೆ ಬಿಳಿ ಹೊಗೆ ಬಿಟ್ಟು ಗಕ್ಕನೆ ನಿಲ್ಲುತ್ತಿತ್ತು. ಮೆಕ್ಯಾನಿಕ್ ನೋಡಿದವರೇ "ಪಂಪ್ ಬಿಚ್ಚಬೇಕು ಅಣ್ಣ, ನಾಝಲ್ ಕೂಡ" ಅಂದರು. ಡೀಸೆಲ್ ತಳ್ಳುವ ಇಂಜೆಕ್ಷನ್ ಪಂಪ್, ಅದನ್ನು ಇಂಜಿನ್ ಒಳಗೆ ಸಿಂಪಡಿಸುವ ನಾಝಲ್ ಬಿಚ್ಚುವುದೆಂದರೆ ಸಾವಿರಾರು ರೂಪಾಯಿ ಬಾಬ್ತು. ತಡೀರಿ, ಮೊದಲು ಡೀಸೆಲ್ ನೋಡೋಣ ಅಂದೆ.

ರಾತ್ರಿ ಗಾಡಿ ಅಲ್ಲಾಡಿಸದೆ ಬಿಟ್ಟೆ. ನೀರು ಡೀಸೆಲ್‌ಗಿಂತ ಭಾರ, ತಳಕ್ಕೆ ಇಳಿಯುತ್ತದೆ. ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲೇ ಟ್ಯಾಂಕಿನ ಕೆಳಗಿನ ಡ್ರೈನ್ ಬೋಲ್ಟ್ ಸಡಿಲಿಸಿ ಗಾಜಿನ ಬಾಟಲಿಗೆ ಹಿಡಿದೆ. ಕೆಳಗೆ ನೀರು, ಮೇಲೆ ಡೀಸೆಲ್, ನಡುವೆ ಕಪ್ಪು ಲೋಳೆ. ನೀರು ಡೀಸೆಲ್ ಕೂಡುವ ಜಾಗದಲ್ಲಿ ಬ್ಯಾಕ್ಟೀರಿಯಾ, ಬೂಸು ಬೆಳೆದು ಆಗುವ ಲೋಳೆ ಅದು. ಫಿಲ್ಟರ್ ಕಟ್ಟಿಕೊಳ್ಳುವುದು ಇದರಿಂದಲೇ.

ಎಲ್ಲರೂ ಬಂಕನ್ನೇ ಬೈದರು. ಅಲ್ಲೇ ಹಾಕಿಸಿದ ಪಕ್ಕದ ಹೊಲದವರ ಗಾಡಿ ಚೆನ್ನಾಗೇ ಇತ್ತಲ್ಲ! ನಮ್ಮ ಟ್ಯಾಂಕ್ ಮುಚ್ಚಳದ ರಬ್ಬರ್ ವಾಷರ್ ಸೀಳಿತ್ತು, ಮಳೆ ನೀರು ಅಲ್ಲಿಂದ ಇಳಿದಿದೆ. ಜೊತೆಗೆ ನಮ್ಮ ಕಡೆ ಚಳಿಗಾಲ ಗೊತ್ತಲ್ವಾ, ಮಂಜಿಗೆ ದೇವನಹಳ್ಳಿ ಏರ್‌ಪೋರ್ಟಲ್ಲಿ ವಿಮಾನಗಳೇ ತಡವಾಗುತ್ತವೆ. ಅರ್ಧ ಖಾಲಿ ಟ್ಯಾಂಕಿನೊಳಗಿನ ಗಾಳಿಯ ತೇವ ರಾತ್ರಿ ತಣ್ಣಗಾಗಿ ಹನಿಯಾಗಿ ಇಳಿಯುತ್ತದೆ.

ಟ್ಯಾಂಕ್ ಪೂರ್ತಿ ಖಾಲಿ ಮಾಡಿ, ಸ್ವಚ್ಛ ಡೀಸೆಲ್ ಹಾಕಿ ಜಾಲಾಡಿಸಿದೆ. ಒಳಗಿನ ಜಾಲರಿ, ಕೆಸರು ಕೂರುವ ಬಟ್ಟಲು ತೊಳೆದು, ಬಟ್ಟೆ ಫಿಲ್ಟರ್, ಪೇಪರ್ ಫಿಲ್ಟರ್ ಎರಡೂ ಹೊಸದು ಹಾಕಿದೆ. ಹಳೇ ಫಿಲ್ಟರ್ ತೊಳೆದು ಹಾಕುವವರಿದ್ದಾರೆ, ನನಗಂತೂ ನಂಬಿಕೆ ಇಲ್ಲ.

ಆಮೇಲೆ ಡೀಸೆಲ್ ಪೈಪಿನೊಳಗೆ ಸೇರಿಕೊಂಡ ಗಾಳಿ, ಅಂದರೆ ಏರ್ ತೆಗೆಯಬೇಕು. ಫಿಲ್ಟರ್ ಮೇಲಿನ ಸ್ಕ್ರೂ ಸಡಿಲಿಸಿ, ಕೈ ಪಂಪ್ ಒತ್ತುತ್ತಾ ಗುಳ್ಳೆ ನಿಲ್ಲುವವರೆಗೆ ಬಿಟ್ಟು ಬಿಗಿ ಮಾಡಿದೆ, ಇಂಜೆಕ್ಷನ್ ಪಂಪಿನ ಸ್ಕ್ರೂಗೂ ಹಾಗೆಯೇ. ಇದು ನಮ್ಮ ಹಳೇ ಗಾಡಿಯ ಮಾತು. ತುಂಬಾ ಹೆಚ್ಚಿನ ಒತ್ತಡದಲ್ಲಿ ಡೀಸೆಲ್ ಕಳಿಸುವ ಹೊಸ ಬಗೆಯ ಕಾಮನ್ ರೈಲ್ ಗಾಡಿಯಲ್ಲಿ ನಾಝಲ್ ಪೈಪ್ ಸಡಿಲಿಸಲೇಬೇಡಿ, ಅಲ್ಲಿನ ಒತ್ತಡಕ್ಕೆ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ.

ಗಾಡಿ ಮೊದಲು ಸ್ವಲ್ಪ ಮುಲುಗಿ, ಆಮೇಲೆ ರೋಟವೇಟರ್ ಸಲೀಸಾಗಿ ಎಳೆಯಿತು. ಪಂಪ್ ಬಿಚ್ಚಲೇ ಇಲ್ಲ. ಈಗ ಕೆಲಸ ಮುಗಿದ ಸಂಜೆಯೇ ಟ್ಯಾಂಕ್ ತುಂಬಿಸಿಡುತ್ತೇನೆ. ಡೀಸೆಲ್ ಡ್ರಮ್ಮಿನಲ್ಲಿ ಇಟ್ಟಿದ್ದರೆ ಡ್ರಮ್ಮನ್ನು ಒಂದು ಕಡೆಗೆ ವಾಲಿಸಿ ನಿಲ್ಲಿಸಿ, ತಳದ ನಾಲ್ಕು ಬೆರಳಿನಷ್ಟನ್ನು ಟ್ಯಾಂಕಿಗೆ ಹಾಕುವುದೇ ಇಲ್ಲ.