ಒಂದು ಬೋಲ್ಟಿನ ಬೆನ್ನು ಹತ್ತಿ ಇಆರ್‌ಪಿ ಕಲಿಯಿರಿ

ಇಆರ್‌ಪಿ ತಂತ್ರಾಂಶ (ಸಂಸ್ಥೆಯ ಖರೀದಿ, ದಾಸ್ತಾನು, ಮಾರಾಟ, ಲೆಕ್ಕ ಎಲ್ಲವನ್ನೂ ಒಂದೇ ಕಡೆ ನಡೆಸುವ ವ್ಯವಸ್ಥೆ) ಕೈಗೆ ಬಂದಾಗ ನಾನು ಮಾಡಿದ ಮೊದಲ ಕೆಲಸ, ಮೆನುಗಳನ್ನು ಮೇಲಿನಿಂದ ಕೆಳಗಿನವರೆಗೆ ಒಂದೊಂದಾಗಿ ತೆರೆದು ನೋಡಿದ್ದು. ಮೂರು ವಾರ ಕಳೆದರೂ ತಲೆಗೆ ಹತ್ತಲಿಲ್ಲ. ಈಗ ಹೊಸಬರಿಗೆ ಕಲಿಸುವಾಗ ಮೆನುವಿನ ಗೋಜಿಗೇ ಹೋಗುವುದಿಲ್ಲ. ಒಂದು ವಸ್ತುವನ್ನು ಆರಿಸಿಕೊಳ್ಳಿ, ಖರೀದಿಯಿಂದ ಮಾರಾಟದವರೆಗೆ ಅದರ ಬೆನ್ನು ಹತ್ತಿ ಎನ್ನುತ್ತೇನೆ. ನನ್ನ ವಸ್ತು ಯಾವಾಗಲೂ ಬೋಲ್ಟ್.

ಇಲ್ಲಿ ಇಆರ್‌ಪಿನೆಕ್ಸ್ಟ್ ಬಳಸುತ್ತೇನೆ. ಅದು ಮುಕ್ತ ತಂತ್ರಾಂಶ, ನಿಮ್ಮ ಕಂಪ್ಯೂಟರಿನಲ್ಲೇ ಅಳವಡಿಸಿಕೊಳ್ಳಬಹುದು. ನಾಳೆ ಇಂಥವೇ ಬೇರೆ ತಂತ್ರಾಂಶಗಳಾದ ಒಡೂ ಅಥವಾ ಎಸ್‌ಎಪಿ ಎದುರಾದರೂ ಬದಲಾಗುವುದು ಹೆಚ್ಚಾಗಿ ಪರದೆ ಮತ್ತು ಹೆಸರುಗಳು. ಅಭ್ಯಾಸಕ್ಕೆಂದೇ ಬೇರೆ ಸೈಟ್ (ತನ್ನದೇ ದತ್ತಾಂಶವಿರುವ ಪ್ರತ್ಯೇಕ ಪ್ರತಿ) ಇರಲಿ. ವ್ಯವಹಾರ ನಡೆಯುತ್ತಿರುವ ಸೈಟಿನಲ್ಲಿ ಪ್ರಯೋಗ ಬೇಡವೇ ಬೇಡ.

ಆರಂಭದಲ್ಲಿ ಕಂಪನಿಯ ಹೆಸರು, ಆರ್ಥಿಕ ವರ್ಷ, ಕರೆನ್ಸಿ, ಖಾತೆಗಳ ಪಟ್ಟಿ ಕೇಳುತ್ತದೆ. ಖಾತೆಗಳ ಪಟ್ಟಿಯನ್ನು ಕೊಟ್ಟಂತೆಯೇ ಇಟ್ಟುಕೊಳ್ಳಿ. ಕರೆನ್ಸಿಯನ್ನು ಮಾತ್ರ ಎರಡು ಬಾರಿ ನೋಡಿ ಆರಿಸಿ, ವಹಿವಾಟು ಶುರುವಾದ ಮೇಲೆ ಅದನ್ನು ಬದಲಿಸಲು ಬಿಡುವುದಿಲ್ಲ.

ಮುಂದಿನದು ಐಟಂ ಮಾಸ್ಟರ್, ಅಂದರೆ ಪ್ರತಿ ವಸ್ತುವಿನ ಮೂಲ ವಿವರ ತುಂಬುವ ಪುಟ. ಇಲ್ಲಿ ಅವಸರ ಮಾಡಬೇಡಿ. ನಾನು ಕೆಲಸ ಮಾಡಿದ ಒಂದು ಕಡೆ ಬೋಲ್ಟಿನ ದಾಸ್ತಾನು ಅಳತೆಯನ್ನು 'ಪೆಟ್ಟಿಗೆ' ಎಂದು ನಾನೇ ನಮೂದಿಸಿದ್ದೆ. ಪೆಟ್ಟಿಗೆಗೆ 50 ಬೋಲ್ಟ್, ಬಂದದ್ದು 12 ಪೆಟ್ಟಿಗೆ. ಮಾರುವವರು 30 ಬಿಡಿ ಬೋಲ್ಟ್ ಕಳಿಸಲು ಹೋದಾಗ ಪರದೆಯ ಮೇಲೆ '18 ಕಡಿಮೆ ಇದೆ' ಎಂಬ ತಡೆ ಬಂತು, ತಂತ್ರಾಂಶ ಅದನ್ನು 30 ಪೆಟ್ಟಿಗೆ ಎಂದೇ ಎಣಿಸಿತ್ತು. ಗೋದಾಮಿನಲ್ಲಿ 600 ಬೋಲ್ಟ್ ಕಣ್ಣೆದುರೇ ಇದ್ದವು. ಯಾರೋ ಅವಸರದಲ್ಲಿ ಋಣಾತ್ಮಕ ದಾಸ್ತಾನಿಗೆ ಅನುಮತಿ ಕೊಟ್ಟರು. ತಡೆ ಹೋಯಿತು, ದಾಸ್ತಾನು ಮೈನಸ್ 18ಕ್ಕೆ ಇಳಿಯಿತು. ಬೋಲ್ಟಿಗೆ 2ರಂತೆ 60 ಆಗಬೇಕಿದ್ದ ವೆಚ್ಚ, ಪೆಟ್ಟಿಗೆಗೆ 100ರ ದರದಲ್ಲಿ 3,000 ಎಂದು ಲೆಕ್ಕಪುಸ್ತಕ ಸೇರಿತು. ವಹಿವಾಟು ಆದ ಮೇಲೆ ಮೂಲ ಅಳತೆಯನ್ನು ನೇರವಾಗಿ ತಿದ್ದಲಾಗದು. ಹೊಸ ಐಟಂ ಮಾಡಿ ಎಲ್ಲವನ್ನೂ ಮತ್ತೆ ನಮೂದಿಸಬೇಕಾಯಿತು. ಆದ್ದರಿಂದ ದಾಸ್ತಾನಿನ ಅಳತೆ ಯಾವಾಗಲೂ ನೀವು ಬಿಡಿಯಾಗಿ ಕೊಡುವ ಅತಿ ಚಿಕ್ಕ ಘಟಕವಾಗಿರಲಿ. ಪೆಟ್ಟಿಗೆಯನ್ನು ಅದೇ ಐಟಮ್ಮಿನ ಪರಿವರ್ತನೆ ಕೋಷ್ಟಕದಲ್ಲಿ 50 ಎಂದು ಸೇರಿಸಿದರೆ ಸಾಕು.

ಈಗ ಬೋಲ್ಟಿನ ಪಯಣ. ಒಬ್ಬ ಪೂರೈಕೆದಾರನ ಹೆಸರು ಸೇರಿಸಿ 12 ಪೆಟ್ಟಿಗೆಗೆ ಖರೀದಿ ಆದೇಶ ಸಲ್ಲಿಸಿ. ಲೆಡ್ಜರ್ (ಲೆಕ್ಕಪುಸ್ತಕ) ತೆರೆದು ನೋಡಿದರೆ ಏನೂ ಇರುವುದಿಲ್ಲ. ಆದೇಶವೆಂದರೆ ಇನ್ನೂ ಮಾತು ಮಾತ್ರ. ಆ ಆದೇಶದಿಂದಲೇ ಪರ್ಚೇಸ್ ರಿಸೀಟ್ (ಸರಕು ಕೈಸೇರಿದ ದಾಖಲೆ) ಮಾಡಿ. ದಾಸ್ತಾನು 600ಕ್ಕೆ ಏರುತ್ತದೆ, ಬೋಲ್ಟಿಗೆ 2ರಂತೆ ದಾಸ್ತಾನು ಖಾತೆಗೆ 1,200 ಡೆಬಿಟ್ ಬೀಳುತ್ತದೆ. ಕ್ರೆಡಿಟ್ ಎಲ್ಲಿಗೆ ಹೋಯಿತು? ಬಿಲ್ ಇನ್ನೂ ಬಂದಿಲ್ಲವಲ್ಲ, ಹಾಗಾಗಿ 'ಸರಕು ಬಂದಿದೆ, ಬಿಲ್ ಬಂದಿಲ್ಲ' ಎಂಬ ಅರ್ಥದ ನಡುವಣ ಖಾತೆಯೊಂದರಲ್ಲಿ ಅದು ಕಾಯುತ್ತಿರುತ್ತದೆ. ರಿಸೀಟಿನಿಂದ ಇನ್‌ವಾಯ್ಸ್ ಮಾಡಿದಾಗ ಆ ಖಾತೆ ಸೊನ್ನೆಯಾಗಿ ಪೂರೈಕೆದಾರನ ಬಾಕಿ ನಿಲ್ಲುತ್ತದೆ. ಪಾವತಿ ನಮೂದಿಸಿದಾಗ ಬಾಕಿಯೂ ತೀರುತ್ತದೆ. ಈ ನಡುವಣ ಖಾತೆ ನನಗೆ ಅರ್ಥವಾದ ದಿನ ಇಡೀ ಇಆರ್‌ಪಿಯ ಬಾಗಿಲು ತೆರೆದಂತಾಯಿತು. ಗೋದಾಮಿನವರ ಕೆಲಸವೂ ಲೆಕ್ಕದವರ ಕೆಲಸವೂ ಕೈಜೋಡಿಸುವ ಜಾಗ ಅದು.

ನಂತರ 30 ಬೋಲ್ಟ್ ಕಳಿಸಿ: ದಾಸ್ತಾನು 570, ವೆಚ್ಚದ ಖಾತೆಗೆ 60. ಪ್ರತಿ ಹೆಜ್ಜೆಯಲ್ಲೂ ಲೆಡ್ಜರ್ ತೆರೆಯುವ ಮುನ್ನ ಯಾವ ಅಂಕಿ ಬರಬಹುದೆಂದು ಕಾಗದದ ಮೇಲೆ ಬರೆದಿಡಿ. ತಾಳೆಯಾಗದಿದ್ದರೆ ಅಲ್ಲೇ ನಿಲ್ಲಿ.

ಬೇಕೆಂದೇ ಒಂದು ತಪ್ಪನ್ನೂ ಮಾಡಿ ನೋಡಿ. ಸಲ್ಲಿಸಿದ ದಾಖಲೆಯ ಅಂಕಿ ಅಂಶವನ್ನು ತಿದ್ದಲಾಗದು. ರದ್ದು ಮಾಡಿ, ತಿದ್ದುಪಡಿಯ ಪ್ರತಿ ತೆಗೆಯಬೇಕು. ಹೊಸ ಪ್ರತಿಯ ಸಂಖ್ಯೆಯ ಕೊನೆಗೆ '-1' ಸೇರಿರುತ್ತದೆ. ರದ್ದತಿ ಕೊನೆಯ ದಾಖಲೆಯಿಂದ ಮೊದಲಿನದರ ಕಡೆಗೆ ನಡೆಯಬೇಕು: ಮೊದಲು ಪಾವತಿ, ಆಮೇಲೆ ಇನ್‌ವಾಯ್ಸ್, ಆಮೇಲೆ ರಿಸೀಟ್.

ಫಾರ್ಮುಗಳಿಗೆ ಹೊಸ ಕ್ಷೇತ್ರಗಳನ್ನು (ಫೀಲ್ಡ್) ಸೇರಿಸುವ ಆಸೆಯನ್ನು ಸ್ವಲ್ಪ ಕಾಲ ತಡೆಹಿಡಿಯಿರಿ.

ಯಾರು ಏನು ಮಾಡಬಹುದು ಎಂಬ ಅನುಮತಿಗಳನ್ನು ಕೊನೆಗೆ ಹೊಂದಿಸಿ. ಆದರೆ ಅಡ್ಮಿನಿಸ್ಟ್ರೇಟರ್ ಆಗಿ ಲಾಗಿನ್ ಆಗಿ ಅವುಗಳನ್ನು ಪರೀಕ್ಷಿಸಲಾಗದು, ಏಕೆಂದರೆ ಆ ಖಾತೆಗೆ ಎಲ್ಲವೂ ಕಾಣುತ್ತದೆ. ದಾಸ್ತಾನು ಬಳಕೆದಾರನ ಪಾತ್ರ (ರೋಲ್) ಮಾತ್ರವಿರುವ ಒಬ್ಬ ಬಳಕೆದಾರನನ್ನು ಸೃಷ್ಟಿಸಿ, ಬೇರೆ ಬ್ರೌಸರಿನಲ್ಲಿ ಅವನ ಹೆಸರಿನಲ್ಲಿ ಒಳಹೊಕ್ಕು ಒಂದು ರಿಸೀಟ್ ಸಲ್ಲಿಸಿ, ಬಳಿಕ ಪಾವತಿ ನಮೂದಿಸಲು ಪ್ರಯತ್ನಿಸಿ. ಮೊದಲನೆಯದು ಸಲೀಸಾಗಿ ಆಗಬೇಕು, ಎರಡನೆಯದಕ್ಕೆ ದಾರಿಯೇ ಕಾಣಬಾರದು. ಕಂಡರೆ ಪಾತ್ರಗಳ ಅನುಮತಿ ಪುಟಕ್ಕೆ ಮರಳಿ, ಒಂದೊಂದೇ ಗುರುತು ತೆಗೆಯುತ್ತಾ ಮತ್ತೆ ಪರೀಕ್ಷಿಸಿ.