ನಮ್ಮ ಮನೆ ನೀರಿಗೆ ಒಗ್ಗುವ ಮೀನು

ಬೆಂಗಳೂರಿನಲ್ಲಿ ಮನೆಯಲ್ಲಿ ಬಣ್ಣದ ಮೀನು ಸಾಕಬೇಕು ಅಂತ ಯಾರು ಬಂದು ಕೇಳಿದರೂ ನಾನು ಮೊದಲು ಕೇಳುವ ಪ್ರಶ್ನೆ ಒಂದೇ. ನಿಮ್ಮ ಮನೆಗೆ ಯಾವ ನೀರು ಬರುತ್ತದೆ? ಕಾವೇರಿಯೋ, ಬೋರೋ, ಟ್ಯಾಂಕರೋ, ಇಲ್ಲಾ ಮೂರೂ ಸೇರಿ ನೆಲದಡಿಯ ಸಂಪ್ ತೊಟ್ಟಿಗೆ ಬೀಳುತ್ತದೋ? ಟ್ಯಾಂಕ್ ಎಷ್ಟು ದೊಡ್ಡದು, ಫಿಲ್ಟರ್ ಯಾವುದು, ಯಾವ ಮೀನು ಚಂದ ಅನ್ನುವುದೆಲ್ಲ ಆಮೇಲಿನ ಮಾತು.

ನಮ್ಮ ಮನೆಯಲ್ಲಿ ಸಂಪಿಗೆ ಬೋರ್ ನೀರೇ ಜಾಸ್ತಿ ಬೀಳುತ್ತದೆ. ಕಾವೇರಿ ಬಂದ ದಿನ ಅದೂ ಜೊತೆಗೆ ಸೇರುತ್ತದೆ. ನೀರಿನಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ಅದ್ದಿ ನೋಡಿದರೆ ಬರೀ ಕಾವೇರಿ ನೀರು 200ರ ಆಸುಪಾಸು ತೋರಿಸುತ್ತದೆ, ಬೋರ್ ನೀರು 700 ದಾಟುತ್ತದೆ. ಬಕೆಟ್ಟಿನ ಒಳಗೆ ಬಿಳಿ ಪೊರೆ ಕಟ್ಟುತ್ತದೆ, ಗೀಸರ್ ಕಾಯಿಲ್ ಬೇಗ ಹೋಗುತ್ತದೆ, ಬೇಳೆ ಬೇಗ ಬೇಯುವುದಿಲ್ಲ. ಅಂದರೆ ಗಡಸು ನೀರು. ಪಿಎಚ್, ಅಂದರೆ ನೀರು ಆಮ್ಲವೋ ಕ್ಷಾರವೋ ಅನ್ನುವ ಅಳತೆ, ನೋಡಿದರೆ 8ರ ಹತ್ತಿರ.

ಈಗ ಅಂಗಡಿಯಲ್ಲಿ ಎಲ್ಲರ ಕಣ್ಣೂ ಹೋಗುವುದು ನಿಯಾನ್ ಟೆಟ್ರಾ ಕಡೆಗೆ. ನೀಲಿ ಗೆರೆ, ಕೆಂಪು ಬಾಲ, ಗುಂಪಾಗಿ ಓಡಾಡಿದರೆ ನೋಡ್ತಾನೇ ಇರೋಣ ಅನ್ನಿಸುತ್ತದೆ. ಆದರೆ ಅದು ಅಮೆಜಾನ್ ಕಡೆಯ ಮೀನು. ಅಲ್ಲಿನ ಹೊಳೆಗಳಲ್ಲಿ ಎಲೆ ಕೊಳೆತು ಚಹಾ ಬಣ್ಣಕ್ಕೆ ತಿರುಗಿದ, ತುಂಬಾ ಮೆದುವಾದ, ಸ್ವಲ್ಪ ಆಮ್ಲ ಇರುವ ನೀರಿನಲ್ಲಿ ಹುಟ್ಟಿ ಬೆಳೆಯುವಂಥದ್ದು. ನಮ್ಮ ಬೋರ್ ನೀರು ಅದಕ್ಕೆ ತಕ್ಕ ನೀರಲ್ಲ. ಆರ್‌ಒ ನೀರು ಬೆರೆಸಿ ಸಾಕುವವರೂ ಇದ್ದಾರೆ. ಚೆನ್ನಾಗಿಯೇ ಸಾಕುತ್ತಾರೆ. ಆದರೆ ಮನೆ ಆರ್‌ಒ ಒಂದು ಬಿಂದಿಗೆ ನೀರು ಕೊಡುವುದಕ್ಕೆ ಅದಕ್ಕಿಂತ ಜಾಸ್ತಿ ನೀರನ್ನು ಪೈಪಿನಲ್ಲಿ ಹೊರಗೆ ಬಿಡುತ್ತದೆ. ನೀರಿಗೆ ಇಷ್ಟು ಪರದಾಡುವ ಊರಿನಲ್ಲಿ ಪ್ರತಿ ವಾರ ಹಾಗೆ ಮಾಡಲು ನನಗೆ ಮನಸ್ಸು ಬರಲಿಲ್ಲ. ಹಾಗಾಗಿ ಇರುವ ನೀರಿಗೆ ತಕ್ಕ ಮೀನು ಹುಡುಕಿದೆ.

ಮಾಲಿ, ಪ್ಲಾಟಿ, ಗಪ್ಪಿ: ಈ ಮೂರಕ್ಕೂ ಗಡಸು ನೀರೇ ಇಷ್ಟ. ಮಾಲಿ, ಪ್ಲಾಟಿ ಮೆಕ್ಸಿಕೋ ಕಡೆಯವು, ಗಪ್ಪಿ ದಕ್ಷಿಣ ಅಮೆರಿಕದ ಉತ್ತರ ಭಾಗದ್ದು. ಇವುಗಳ ಜೊತೆಗೆ ಜೀಬ್ರಾ ಡ್ಯಾನಿಯೋ. ಅದು ನಮ್ಮ ದೇಶದ್ದೇ ಮೀನು, ಹಳ್ಳ, ಗದ್ದೆ ಕಾಲುವೆಗಳಲ್ಲಿ ಇರುವಂಥದ್ದು. ಪ್ರಪಂಚದ ಲ್ಯಾಬುಗಳಲ್ಲೆಲ್ಲ ಸಂಶೋಧನೆಗೆ ಸಾಕುವುದೂ ಇದನ್ನೇ. ಚಳಿ ತಡೆಯುತ್ತದೆ, ನೀರು ಸ್ವಲ್ಪ ಹೆಚ್ಚು ಕಡಿಮೆಯಾದರೂ ತಡೆಯುತ್ತದೆ. ಒಂದೆರಡು ತಂದರೆ ಒಂದನ್ನೊಂದು ಅಟ್ಟಾಡಿಸುತ್ತವೆ. ಆರರ ಮೇಲೆ ಇದ್ದರೆ ಗುಂಪಾಗಿ ಖುಷಿಯಾಗಿ ಇರುತ್ತವೆ.

ಮಿಸ್ ಕೇರಳ ಅಂತ ಕೆಂಪು ಗೆರೆಯ ಒಂದು ಮೀನು ಅಂಗಡಿಗೆ ಬರುತ್ತದೆ. ಕೇರಳದ ಮತ್ತು ನಮ್ಮ ದಕ್ಷಿಣ ಕರ್ನಾಟಕದ ಹೊಳೆಗಳಲ್ಲಿ ಬಿಟ್ಟರೆ ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲ. ಅಕ್ವೇರಿಯಂಗೆ ಅಂತ ಹಿಡಿದು ಹಿಡಿದು ಈಗ ಅಳಿವಿನಂಚಿನ ಪಟ್ಟಿಯಲ್ಲಿದೆ. ಹೊಳೆಯಿಂದ ಹಿಡಿದು ತಂದದ್ದನ್ನು ನಾನು ಕೊಳ್ಳುವುದಿಲ್ಲ, ನೀವೂ ಕೊಳ್ಳಬೇಡಿ. ಗೇಣುದ್ದ ಬೆಳೆಯುವ, ರಭಸದ ನೀರಿನಲ್ಲಿ ಈಜುವ ಮೀನು ಅದು. ಮನೆಯ ಮೂರಡಿ ಗಾಜಿನಲ್ಲಿ ಅದಕ್ಕೆ ಜಾಗ ಸಾಲುವುದಿಲ್ಲ.

ಟ್ಯಾಂಕ್ ಮೂರಡಿ ಉದ್ದ, ಒಂದೂವರೆ ಅಡಿ ಅಗಲ, ಅಷ್ಟೇ ಎತ್ತರ. ಹತ್ತಿರದ ಅಂಗಡಿಯಲ್ಲೇ 8 ಮಿಲಿಮೀಟರ್ ಗಾಜಿನಲ್ಲಿ ಮಾಡಿಸಿದೆ. ಸಿಲಿಕಾನ್ ಪೂರ್ತಿ ಒಣಗಿದ ಮೇಲೆ ಬಾಲ್ಕನಿಯಲ್ಲಿಟ್ಟು ನೀರು ತುಂಬಿಸಿ, ಮೂಲೆಗಳ ಉದ್ದಕ್ಕೂ ನ್ಯೂಸ್‌ಪೇಪರ್ ಒತ್ತಿ ಸೋರುತ್ತದೆಯಾ ಅಂತ ನೋಡಿ ಆಮೇಲೆ ಒಳಗೆ ತಂದೆವು. ತುಂಬಿದ ಮೇಲೆ ನೀರೇ 170 ಲೀಟರ್, ಅಂದರೆ 170 ಕೆಜಿ. ಗಾಜು, ಮರಳು, ಕಲ್ಲು ಸೇರಿದರೆ 200 ದಾಟುತ್ತದೆ. ಹಾಗಾಗಿ ಹಳೇ ಟಿವಿ ಸ್ಟ್ಯಾಂಡ್ ಆಗುವುದಿಲ್ಲ. ಕಬ್ಬಿಣದ ಸ್ಟ್ಯಾಂಡ್ ಬೆಸುಗೆ ಹಾಕಿಸಿ, ಮೇಲೆ ದಪ್ಪ ಪ್ಲೈವುಡ್, ಅದರ ಮೇಲೆ ಥರ್ಮಾಕೋಲ್ ಹಾಳೆ. ಗಾರೆ ಕೆಲಸದವರ ರಸಮಟ್ಟ ಇಟ್ಟು ನಾಲ್ಕೂ ಕಡೆ ನೋಡಿಕೊಳ್ಳಬೇಕು. ಒಂದು ಮೂಲೆ ತಗ್ಗಿದರೆ ಭಾರವೆಲ್ಲ ಆ ಕಡೆಯ ಗಾಜಿನ ಮೇಲೆ ಬೀಳುತ್ತದೆ.

ಯಾವ ದಿಕ್ಕಿಗೆ ಇಟ್ಟಿದ್ದೀರಿ ಅಂತ ಬಂದವರೆಲ್ಲ ಕೇಳುತ್ತಾರೆ. ನಾನು ನೋಡಿದ್ದು ಮೂರು ವಿಷಯ. ಬಿಸಿಲು ನೇರ ಬೀಳಬಾರದು, ಬಿದ್ದರೆ ಪಾಚಿ ಕಟ್ಟುತ್ತದೆ. ಪ್ಲಗ್ ಪಾಯಿಂಟ್ ಹತ್ತಿರ ಇರಬೇಕು. ನೀರು ತೆಗೆದು ಚೆಲ್ಲುವುದಕ್ಕೆ ಬಾಲ್ಕನಿ ಹತ್ತಿರ ಇರಬೇಕು. ವೈರುಗಳನ್ನು ಮಾತ್ರ ಸಾಕೆಟ್ಟಿಗಿಂತ ಕೆಳಗೆ ಇಳಿದು ಆಮೇಲೆ ಮೇಲೆ ಹತ್ತುವ ಹಾಗೆ ಬಿಡಿ. ವೈರಿನ ಮೇಲೆ ಇಳಿದ ನೀರು ಕೆಳಗೇ ತೊಟ್ಟಿಕ್ಕುತ್ತದೆ, ಸಾಕೆಟ್ಟಿಗೆ ಹೋಗುವುದಿಲ್ಲ.

ಅಲಂಕಾರಕ್ಕೆ ಅಂತ ಮಾರುವ ಬಿಳಿ ಕಲ್ಲು, ಕಪ್ಪೆಚಿಪ್ಪು ನಾನು ಹಾಕಲಿಲ್ಲ. ಅವುಗಳಲ್ಲಿ ಸುಣ್ಣದ ಅಂಶ ಇರುತ್ತದೆ, ಗಡಸು ನೀರು ಇನ್ನೂ ಗಡಸಾಗುತ್ತದೆ. ಕಲ್ಲಿನ ಮೇಲೆ ನಾಲ್ಕು ಹನಿ ವಿನೆಗರ್ ಬಿಟ್ಟು ನೋಡಿ. ನೊರೆ ಬಂದರೆ ಆ ಕಲ್ಲು ಬೇಡ.

ಇನ್ನು ಮುಖ್ಯವಾದ ಕೆಲಸ. ಟ್ಯಾಂಕ್ ತುಂಬಿಸಿ, ಫಿಲ್ಟರ್ ಹಾಕಿ, ಮೀನಿಲ್ಲದೆ ಹಾಗೇ ಬಿಡುವುದು. ನಾಲ್ಕರಿಂದ ಆರು ವಾರ. ಅಂಗಡಿಯವರು ಇದನ್ನು ಹೇಳುವುದು ಕಡಿಮೆ. ಮನೆಯಲ್ಲೂ ಯಾರಿಗೂ ತಾಳ್ಮೆ ಇರುವುದಿಲ್ಲ. ಬರೀ ನೀರು ನೋಡ್ತಾ ಕೂರಬೇಕಾ ಅಂತ ಮಕ್ಕಳು ದಿನಾ ಕೇಳುತ್ತಿದ್ದರು. ಆದರೆ ಮೀನಿನ ಜೀವ ಉಳಿಯುವುದು ಈ ವಾರಗಳಲ್ಲೇ.

ಮೀನಿನ ಹೇಲು, ಉಳಿದ ತಿನಿಸು ಎಲ್ಲ ನೀರಿನಲ್ಲಿ ಅಮೋನಿಯಾ ಆಗುತ್ತದೆ. ಅದು ಮೀನಿನ ಕಿವಿರನ್ನು ಸುಡುತ್ತದೆ. ಅದನ್ನು ತಿನ್ನುವ ಒಂದು ಜಾತಿ ಬ್ಯಾಕ್ಟೀರಿಯಾ ಇದೆ, ತಿಂದು ನೈಟ್ರೈಟ್ ಮಾಡುತ್ತದೆ. ನೈಟ್ರೈಟ್ ಕೂಡ ವಿಷವೇ, ರಕ್ತ ಆಮ್ಲಜನಕ ಹೊರದ ಹಾಗೆ ಮಾಡುತ್ತದೆ. ಅದನ್ನು ತಿಂದು ನೈಟ್ರೇಟ್ ಮಾಡುವುದಕ್ಕೆ ಇನ್ನೊಂದು ಜಾತಿ ಇದೆ. ನೈಟ್ರೇಟ್ ಕಡಿಮೆ ಇದ್ದರೆ ಮೀನಿಗೆ ತೊಂದರೆ ಇಲ್ಲ, ಗಿಡಗಳಿಗೆ ಅದೇ ಗೊಬ್ಬರ. ಈ ಬ್ಯಾಕ್ಟೀರಿಯಾಗಳು ಫಿಲ್ಟರಿನ ಸ್ಪಾಂಜಿನಲ್ಲಿ, ಮರಳಿನಲ್ಲಿ ಮನೆ ಮಾಡಿಕೊಳ್ಳಬೇಕು. ಅದಕ್ಕೇ ಅಷ್ಟು ವಾರ. ಬೋರ್ ನೀರಿನವರು ಇದನ್ನು ಇನ್ನೂ ಗಟ್ಟಿಯಾಗಿ ಹಿಡಿಯಬೇಕು. ಪಿಎಚ್ ಮೇಲಿದ್ದಷ್ಟೂ ಅಮೋನಿಯಾದ ವಿಷ ಜಾಸ್ತಿ.

ನಾನು ದಿನ ಬಿಟ್ಟು ದಿನ ಒಂದು ಚಿಟಿಕೆ ಮೀನಿನ ತಿನಿಸು ಖಾಲಿ ಟ್ಯಾಂಕಿಗೆ ಹಾಕಿ ಕೊಳೆಯಲು ಬಿಟ್ಟೆ. ಸ್ನೇಹಿತರೊಬ್ಬರ ಹಳೇ ಟ್ಯಾಂಕಿನಿಂದ ಕೊಳೆ ತುಂಬಿದ ಸ್ಪಾಂಜಿನ ತುಂಡೊಂದನ್ನು ಒದ್ದೆಯಾಗಿಯೇ ತಂದು ನಮ್ಮ ಫಿಲ್ಟರಿಗೆ ಸೇರಿಸಿದೆ. ಕೆಲಸ ಬೇಗ ಶುರುವಾಯಿತು. ಪರೀಕ್ಷೆಗೆ ಹನಿ ಹಾಕುವ ಟೆಸ್ಟ್ ಕಿಟ್ ಇರಲಿ, ನೀರಿಗೆ ಅದ್ದುವ ಕಾಗದದ ಪಟ್ಟಿ ಬೇಡ. ಪುಟ್ಟ ಗಾಜಿನ ಕೊಳವೆಗೆ 5 ಮಿಲಿ ನೀರು ತುಂಬಿ, ಹನಿ ಎಣಿಸಿ ಹಾಕಿ, ಅಲ್ಲಾಡಿಸಿ, ಐದು ನಿಮಿಷ ಕಾದು, ಕಿಟಕಿ ಬೆಳಕಿಗೆ ಬಿಳಿ ಕಾಗದದ ಮುಂದೆ ಹಿಡಿದು ನೋಡಬೇಕು. ಅಮೋನಿಯಾ ಇಲ್ಲದಿದ್ದರೆ ಹಳದಿ, ಇದ್ದರೆ ಹಸಿರು. ಮೊದಮೊದಲು ಕೊಳವೆ ಕಡು ಹಸಿರಾಗುತ್ತಿತ್ತು. ಆಮೇಲೆ ಹಸಿರು ತಿಳಿಯಾಗುತ್ತಾ ಬಂತು, ಅಷ್ಟರಲ್ಲಿ ತಿಳಿ ನೀಲಿ ಇರಬೇಕಿದ್ದ ನೈಟ್ರೈಟ್ ಕೊಳವೆ ನೇರಳೆಗೆ ತಿರುಗಿತು. ನೇರಳೆ ಬಹಳ ದಿನ ಹಾಗೇ ನಿಂತುಬಿಡುತ್ತದೆ. ಬಹಳ ಜನ ಕೈಬಿಡುವುದು ಇಲ್ಲೇ. ಕಾಯಿರಿ. ಒಂದು ದಿನ ಬೆಳಿಗ್ಗೆ ಅದು ತಿಳಿ ನೀಲಿ ಆಗಿರುತ್ತದೆ. ಅಮೋನಿಯಾ ಸೊನ್ನೆ, ನೈಟ್ರೈಟ್ ಸೊನ್ನೆ, ನೈಟ್ರೇಟ್ ಮಾತ್ರ ಇದೆ ಅಂದರೆ ನೀರು ತಯಾರು.

ಮೀನನ್ನು ಒಟ್ಟಿಗೆ ಎಲ್ಲ ತರಬೇಡಿ. ಮೊದಲು ಡ್ಯಾನಿಯೋ ತಂದೆ, ಬ್ಯಾಕ್ಟೀರಿಯಾ ಹೊಂದಿಕೊಳ್ಳಲು ಬಿಟ್ಟು ಆಮೇಲೆ ಪ್ಲಾಟಿ, ಕೊನೆಗೆ ಮಾಲಿ. ಶಿವಾಜಿನಗರದ ರಸೆಲ್ ಮಾರ್ಕೆಟ್ ಸುತ್ತಮುತ್ತ ಮೀನಿನ ಅಂಗಡಿಗಳು ಸಾಕಷ್ಟಿವೆ. ಚೆನ್ನೈನ ಕೊಳತ್ತೂರಿನಲ್ಲಿ ಬಣ್ಣದ ಮೀನು ಸಾಕಣೆ ದೊಡ್ಡ ಕಸುಬು, ಅಲ್ಲಿಂದಲೂ ಇಲ್ಲಿಗೆ ಬರುತ್ತವೆ. ಅಂದರೆ ಅಂಗಡಿಯಲ್ಲಿ ಕಾಣುವ ಮೀನು ರಾತ್ರಿಯೆಲ್ಲ ಕವರಿನಲ್ಲಿ ಪ್ರಯಾಣ ಮಾಡಿ ಸುಸ್ತಾಗಿ ಬಂದಿರಬಹುದು. ಯಾವತ್ತು ಲೋಡ್ ಬಂತಣ್ಣಾ ಅಂತ ಕೇಳಿ, ಬಂದು ನಾಲ್ಕೈದು ದಿನ ಅಲ್ಲೇ ಬದುಕಿದ ಮೀನನ್ನೇ ನಾನು ತರುತ್ತೇನೆ. ರೆಕ್ಕೆ ಮುದುಡಿಕೊಂಡು ಮೂಲೆಯಲ್ಲಿ ನಿಂತದ್ದು ಬೇಡ. ಆ ಗಾಜಿನಲ್ಲಿ ಒಂದು ಮೀನು ಸತ್ತು ತೇಲುತ್ತಿದ್ದರೆ ಉಳಿದವೂ ಬೇಡ.

ಹೊಸ ಮೀನು ಮೊದಲು ಪ್ಲಾಸ್ಟಿಕ್ ಟಬ್ಬಿನಲ್ಲಿ ಎರಡು ಮೂರು ವಾರ ಬೇರೆಯಾಗಿ ಇರುತ್ತದೆ. ಒಂದು ಸಲ ಟಬ್ಬಿನಲ್ಲಿದ್ದ ಪ್ಲಾಟಿಗಳ ಮೈಮೇಲೆ ರವೆ ಉದುರಿಸಿದ ಹಾಗೆ ಬಿಳಿ ಚುಕ್ಕೆ ಕಾಣಿಸಿತು, ಮೈಯನ್ನು ಕಲ್ಲಿಗೆ ಉಜ್ಜತೊಡಗಿದವು. ವೈಟ್ ಸ್ಪಾಟ್ ಅನ್ನುತ್ತಾರೆ, ಪರೋಪಜೀವಿಯಿಂದ ಬರುತ್ತದೆ. ಮೈಗೆ ಅಂಟಿಕೊಂಡಿರುವಾಗ ಅದಕ್ಕೆ ಔಷಧ ತಾಗುವುದಿಲ್ಲ, ಉದುರಿ ನೀರಿನಲ್ಲಿ ಈಜುವಾಗ ಮಾತ್ರ ಸಾಯುತ್ತದೆ. ಬಿಸಿ ಜಾಸ್ತಿಯಾದರೆ ಬೇಗ ಉದುರುತ್ತದೆ. ಹೀಟರಿನಿಂದ ನೀರನ್ನು ನಿಧಾನವಾಗಿ 30 ಡಿಗ್ರಿಗೆ ಏರಿಸಿ, ಲೀಟರಿಗೆ ಎರಡು ಗ್ರಾಂ ಲೆಕ್ಕದಲ್ಲಿ ಕಲ್ಲುಪ್ಪು ಕರಗಿಸಿ ಹಾಕಿ, ಏರ್ ಪಂಪ್ ಜೋರು ಮಾಡಿದೆ. ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ, ಅದಕ್ಕೇ ಗಾಳಿ ಜಾಸ್ತಿ ಬೇಕು. ಚುಕ್ಕೆ ಮಾಯವಾದ ಮೇಲೂ ಒಂದು ವಾರ ಮುಂದುವರಿಸಬೇಕು. ಪ್ಲಾಟಿ, ಮಾಲಿ ಉಪ್ಪು ತಡೆಯುತ್ತವೆ, ಎಲ್ಲ ಮೀನೂ ತಡೆಯುವುದಿಲ್ಲ. ಗಿಡಗಳಂತೂ ಬಾಡುತ್ತವೆ. ದೊಡ್ಡ ಟ್ಯಾಂಕಿಗೆ ರೋಗ ಮುಟ್ಟಲೇ ಇಲ್ಲ.

ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಾಯಿಸುತ್ತೇನೆ. ಮೊದಲು ಹೀಟರ್ ಪ್ಲಗ್ ತೆಗೆದು ಹತ್ತು ಹದಿನೈದು ನಿಮಿಷ ಬಿಡಬೇಕು. ಬಿಸಿ ಹೀಟರ್ ನೀರಿನಿಂದ ಹೊರಗೆ ಬಂದರೆ ಅದರ ಗಾಜು ಬಿರಿಯುತ್ತದೆ. ತೆಗೆದ ನೀರಿನಲ್ಲೇ ಸ್ಪಾಂಜನ್ನು ಎರಡು ಸಲ ಹಿಂಡಿದರೆ ಸಾಕು. ನಲ್ಲಿ ಕೆಳಗೆ ತೊಳೆದರೆ ಕ್ಲೋರಿನ್ ತಾಗಿ ಬ್ಯಾಕ್ಟೀರಿಯಾ ಸಾಯುತ್ತದೆ. ಕಾವೇರಿ ನೀರು ಬಂದ ದಿನ ಹಾಕುವ ನೀರಿಗೆ ಅಂಗಡಿಯಲ್ಲಿ ಸಿಗುವ ಕ್ಲೋರಿನ್ ತೆಗೆಯುವ ಔಷಧ ಹಾಕಿಯೇ ಸುರಿಯಬೇಕು. ತೆಗೆದ ನೀರು ಕರಿಬೇವು, ಮಲ್ಲಿಗೆ, ದಾಸವಾಳದ ಕುಂಡಗಳಿಗೆ. ಆ ಗಿಡಗಳು ಬೇರೆ ಗೊಬ್ಬರ ಕಂಡಿಲ್ಲ.

2024ರ ಬೇಸಿಗೆ ಮರೆಯುವಂಥದ್ದಲ್ಲ. ನಮ್ಮ ಬೋರು ಬತ್ತಿತು, ಟ್ಯಾಂಕರಿಗೆ ದಿನಗಟ್ಟಲೆ ಕಾಯಬೇಕಿತ್ತು. ಟ್ಯಾಂಕರ್ ನೀರಿನ ಕಷ್ಟ ಏನೆಂದರೆ ಒಂದು ಲೋಡಿನ ಹಾಗೆ ಇನ್ನೊಂದು ಇರುವುದಿಲ್ಲ. ಪ್ರತಿ ಲೋಡಿಗೂ ಮೀಟರ್ ಅದ್ದಿ ನೋಡುತ್ತಿದ್ದೆ. ವ್ಯತ್ಯಾಸ ಜಾಸ್ತಿ ಇದ್ದ ವಾರ ಒಂದೆರಡು ಬಕೆಟ್ ಮಾತ್ರ ಬದಲಾಯಿಸಿ, ಉಳಿದ ಕೆಲಸವನ್ನು ಟ್ಯಾಂಕಿನೊಳಗಿನ ಗಿಡಗಳಿಗೆ ಬಿಟ್ಟೆ. ರಿಬ್ಬನ್ನಿನಂಥ ಉದ್ದ ಎಲೆಯ ವ್ಯಾಲಿಸ್ನೇರಿಯಾ ಮತ್ತು ತೇಲುವ ಹಾರ್ನ್‌ವರ್ಟ್ ನೈಟ್ರೇಟನ್ನು ಚೆನ್ನಾಗಿ ಹೀರುತ್ತವೆ. ತಿನಿಸೂ ಕಡಿಮೆ ಮಾಡಿದೆ. ಆ ಬೇಸಿಗೆಯಲ್ಲಿ ಒಂದು ಮೀನೂ ಸಾಯಲಿಲ್ಲ. ನಮ್ಮ ನೀರಿಗೆ ಒಗ್ಗುವ ಮೀನು ಇಟ್ಟುಕೊಂಡದ್ದು ಆಗ ನಿಜವಾಗಿ ಕೈ ಹಿಡಿಯಿತು.

ಕರೆಂಟ್ ವಿಷಯ. ಏರ್ ಪಂಪ್ ಐದು ವ್ಯಾಟ್ ಕೂಡ ಎಳೆಯುವುದಿಲ್ಲ, ಇನ್ವರ್ಟರಿಗೆ ಹಾಕಿ. ಹೀಟರನ್ನು ಅದಕ್ಕೆ ಹಾಕುವುದು ಬೇಡ. ಸ್ಪಾಂಜ್ ಫಿಲ್ಟರಿಗೆ ಗಾಳಿ ಹೋಗುತ್ತಿದ್ದರೆ ಮೀನೂ ಬ್ಯಾಕ್ಟೀರಿಯಾವೂ ಎರಡೂ ಉಳಿಯುತ್ತವೆ. ಹೀಟರ್ ನಮಗೆ ಬೇಕಾಗುವುದು ಡಿಸೆಂಬರ್, ಜನವರಿ ರಾತ್ರಿಗಳಿಗೆ. 200 ವ್ಯಾಟಿನದ್ದು, 25 ಡಿಗ್ರಿಗೆ ಇಟ್ಟಿದ್ದೇನೆ. ಮಂಗಳೂರಿನವರಿಗೆ ಇದರ ಖರ್ಚೇ ಇಲ್ಲ.

ತಿನಿಸು ಎರಡು ನಿಮಿಷದಲ್ಲಿ ಖಾಲಿಯಾಗುವಷ್ಟು, ದಿನಕ್ಕೆ ಒಂದೇ ಸಲ. ವಾರದಲ್ಲಿ ಒಂದು ದಿನ ಏನೂ ಇಲ್ಲ. ನಮ್ಮ ಅತ್ತೆ ಅದನ್ನು ಮೀನಿನ ಏಕಾದಶಿ ಅನ್ನುತ್ತಾರೆ, ಮೊಮ್ಮಕ್ಕಳು ಡಬ್ಬಿ ಮುಟ್ಟದ ಹಾಗೆ ಕಾಯುವವರೂ ಅವರೇ.

ಮಾಲಿ ಮೊಟ್ಟೆ ಇಡುವುದಿಲ್ಲ, ಮರಿ ಹಾಕುತ್ತದೆ. ಹೆಣ್ಣಿನ ಹೊಟ್ಟೆ ಚೌಕವಾಗುತ್ತದೆ, ಗಿಡಗಳ ಮರೆಯಲ್ಲಿ ನಿಂತುಬಿಡುತ್ತದೆ. ಮರಿ ಎರಡಾಗಿ ಮಡಚಿಕೊಂಡು ಹೊರಗೆ ಬರುತ್ತದೆ, ಒಂದು ಕ್ಷಣ ಕೆಳಗೆ ಬೀಳುತ್ತದೆ, ಮೈ ನೆಟ್ಟಗಾಗುತ್ತದೆ, ಮರುಕ್ಷಣವೇ ಹಾರ್ನ್‌ವರ್ಟ್ ಒಳಗೆ ನುಗ್ಗುತ್ತದೆ. ನುಗ್ಗದಿದ್ದರೆ ದೊಡ್ಡವು ತಿಂದುಬಿಡುತ್ತವೆ. ಹೆಣ್ಣು ಒಂದು ಸಲ ಗಂಡಿನ ಜೊತೆ ಇದ್ದರೆ ಆಮೇಲೆ ತಿಂಗಳುಗಟ್ಟಲೆ ಮರಿ ಹಾಕಬಲ್ಲದು. ಹಾಗಾಗಿ ಮರಿಗಳನ್ನು ಯಾರಿಗೆ ಕೊಡುತ್ತೀರಿ ಅಂತ ಮೊದಲೇ ಯೋಚಿಸಿ. ಒಂದು ಗಂಡಿಗೆ ಎರಡು ಮೂರು ಹೆಣ್ಣು ಇಡಿ.

ಜಾಸ್ತಿಯಾದದ್ದನ್ನು ಕೆರೆಗೆ ಬಿಡುವವರಿದ್ದಾರೆ. ದಯವಿಟ್ಟು ಬಿಡಬೇಡಿ. ಗಾಜು ಕ್ಲೀನ್ ಮಾಡುತ್ತದೆ ಅಂತ ಹೆಬ್ಬೆರಳಿನಷ್ಟಿದ್ದಾಗ ಮಾರುವ ಸಕ್ಕರ್ ಮೀನು ಒಂದಡಿಗಿಂತ ಉದ್ದ ಬೆಳೆಯುತ್ತದೆ. ಸಾಕಲಾಗದೆ ಜನ ಕೆರೆ, ಹೊಳೆಗೆ ಬಿಟ್ಟು ಬಿಟ್ಟು ಈಗ ದೇಶದ ಎಷ್ಟೋ ಕಡೆ ಮೀನುಗಾರರ ಬಲೆಗೆ ಅದೇ ಬೀಳುತ್ತಿದೆ. ಅದರ ಮುಳ್ಳಿಗೆ ಬಲೆ ಹರಿಯುತ್ತದೆ, ಮಾರಿದರೆ ಕೊಳ್ಳುವವರಿಲ್ಲ. ಮಾಲಿ, ಗಪ್ಪಿಗಳೂ ಕೆರೆಗೆ ಹೋದರೆ ಅಲ್ಲಿನ ಮೀನಿನ ಜಾಗ ಹಿಡಿಯುತ್ತವೆ. ನಮ್ಮ ಮರಿಗಳನ್ನು ತಂದ ಅಂಗಡಿಯವರೇ ವಾಪಸ್ ತೆಗೆದುಕೊಳ್ಳುತ್ತಾರೆ. ದುಡ್ಡೇನೂ ಕೊಡುವುದಿಲ್ಲ, ಬದಲಿಗೆ ಒಂದು ಡಬ್ಬಿ ತಿನಿಸು ಕೊಡುತ್ತಾರೆ.